ಹಿಂದಿನ ಸಾಲಿನ ಬಾಟಲಿ

ಹುಮನಾಬಾದಿನಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಗಳ ಮೇಲೆ ದಾಳಿಯಾದ ಸುದ್ದಿಯನ್ನು ಮಹಾರುದ್ರಪ್ಪ ಊಟಕ್ಕೆ ಕೂತಾಗ ಹೇಳಿದ.

"ಬಸ್ ಸ್ಟ್ಯಾಂಡ್ ಕಡಿ ಮೂರ್ನಾಕು ಅಂಗಡಿ ತಪಾಸ್ ಮಾಡ್ಯಾರಂತ. ಇ-ಸಿಗರೇಟ್ ಸಿಕ್ಕಾವಂತ. ದೇಶದಾಗ ಎಲ್ಲೂ ಮಾರೋ ಹಂಗಿಲ್ಲ, ದಾಸ್ತಾನ್ ಇಡೋ ಹಂಗೂ ಇಲ್ಲ. ಆದ್ರೂ ಕಾಲೇಜ್ ಹುಡುಗುರಿಗೆ ಮಾರಾಕತ್ತಾರ ನೋಡು."

"ಏನದು?" ಅವನ ತಾಯಿ ಮೀರಾಬಾಯಿ ಕೇಳಿದಳು. "ಬೀಡಿಗಿ ಕರೆಂಟ್ ಕೊಟ್ಟಾರೇನು?"

ಮೊಮ್ಮಗಳು ಅಮೃತ ನಕ್ಕಳು. "ಆಯಿ, ಅದು ಪೆನ್ನಿನಂಗ ಇರ್ತದ. ಒಳಗ ಬ್ಯಾಟರಿ, ಎಣ್ಣಿಯಂಥ ಒಂದು ರಸ. ಅದು ಕಾದು ಹೊಗಿ ಆಗ್ತದ. ಮಾವಿನ ಹಣ್ಣಿನ ವಾಸನಿ, ಪುದೀನದ ವಾಸನಿ, ಏನ್ ಬೇಕೋ ಅದು."

"ನಿನಗ ಹ್ಯಾಂಗ ಗೊತ್ತು ಇದೆಲ್ಲಾ?" ರೊಟ್ಟಿ ನೀಡುತ್ತಿದ್ದ ಅವಳ ತಾಯಿ ಅನುರಾಧಾ ಕೈ ತಡೆದಳು.

"ಎಲ್ಲಾರಿಗೂ ಗೊತ್ತದ ಮಮ್ಮಿ. ಅಣ್ಣಗ ಕೇಳು."

ಅಣ್ಣ ಗುರುಲಿಂಗ ತಲೆ ಎತ್ತಲಿಲ್ಲ. ಬದನೆಕಾಯಿ ಪಲ್ಯ ಹಚ್ಚಿದ ರೊಟ್ಟಿಯ ತುಂಡು ಅವನ ಬೆರಳಲ್ಲೇ ಉಳಿಯಿತು. ಅವನು ದಿನವೂ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ. ದಾಳಿಯಾದ ಅಂಗಡಿಗಳಲ್ಲಿ ಒಂದು ಅವನ ಗೆಳೆಯ ಅಂಬರೀಷನದು. ಆ ಮಧ್ಯಾಹ್ನವೇ ಅಂಬರೀಷ ಅವನನ್ನು ಗಲ್ಲಿಗೆ ಕರೆದು, ಉಳಿದಿದ್ದ ರಸದ ಬಾಟಲಿಯೊಂದನ್ನು ಅವನ ಬ್ಯಾಗಿನಲ್ಲಿ ತುರುಕಿದ್ದ. "ನಿಮ್ಮಪ್ಪ ಲಿಂಗಾ ಕಟ್ಟಿದ ಮನುಷ್ಯಾ, ನಿಮ್ಮನಿ ಮ್ಯಾಲ ಯಾರಿಗೂ ಶಕ್ ಬರಲ್ಲ. ಮಾಮಲಾ ತಣ್ಣಗಾಗೋತನ ಇಟ್ಕೋ. ನಿನಗ ಬೇಕಾದಷ್ಟು ನೀನೂ ಹಾಕ್ಕೋ."

ದಾರಿಯಲ್ಲಿ ಎಸೆದು ಬರಬಹುದಿತ್ತು. ಬಸ್ಸಿನ ಕಿಟಕಿ ತೆರೆದೇ ಇತ್ತು. ಆದರೆ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ತನ್ನ ಜೇಬಿನ ಇ-ಸಿಗರೇಟು, ಹುಡುಗರ ಮಾತಿನ ವೇಪ್, ಒಣಗಿದರೆ ಏನು ಮಾಡುವುದು ಎಂದು ಯೋಚಿಸಿ ಬ್ಯಾಗಿನ ಜಿಪ್ ಎಳೆದುಕೊಂಡಿದ್ದ. ಒಂದು ತಾಸು ಎಳೆಯದಿದ್ದರೆ ಅವನಿಗೆ ತಲೆ ಬಿಗಿಯುತ್ತಿತ್ತು. ಪರೀಕ್ಷೆಯ ಕೋಣೆಯಿಂದ ನಡುವೆಯೇ ಎದ್ದು, ಎಳೆಯಲು ಶೌಚಾಲಯಕ್ಕೆ ಹೋಗಿದ್ದ.

ಬಾಟಲಿಯನ್ನು ಬಚ್ಚಿಡಲು ಮನೆಯಲ್ಲಿ ಜಾಗವಿರಲಿಲ್ಲ. ಅವನ ಕಪಾಟನ್ನು ಅಮೃತ ತೆಗೆಯುತ್ತಾಳೆ, ಹಾಸಿಗೆಯನ್ನು ಅನುರಾಧಾ ಕೊಡವುತ್ತಾಳೆ. ಯಾರೂ ಕೈ ಹಾಕದ ಜಾಗ ಒಂದೇ: ಅಡುಗೆಮನೆಯ ಗೋಡೆಯಲ್ಲಿ ಆಯಿಯ ಅರಕದ ಗೂಡು.

ಮೀರಾಬಾಯಿಯ ಅರಕ ಓಣಿಗೆಲ್ಲ ಗೊತ್ತು. ಕರ್ಪೂರ, ಓಮದ ಹೂವು, ಪುದೀನದ ಹೂವು, ಮೂರೂ ಗಟ್ಟಿ ಹರಳುಗಳು. ಒಂದೇ ಬಾಟಲಿಗೆ ಹಾಕಿ ಮುಚ್ಚಿಟ್ಟರೆ ಬೆಂಕಿ ಇಲ್ಲದೆ, ನೀರು ಹಾಕದೆ ತಾವಾಗಿ ಕರಗಿ ರಸವಾಗುತ್ತವೆ. ಹೊಟ್ಟೆನೋವಿಗೆ ದೊಡ್ಡವರಿಗೆ ಐದು ಹನಿ, ಮಕ್ಕಳಿಗೆ ಸಕ್ಕರೆಯ ಮೇಲೆ ಮೂರು. ಹನಿ ಹಾಕುವ ಮುಚ್ಚಳವಿದ್ದ ಕಂದು ಬಣ್ಣದ ಖಾಲಿ ಔಷಧದ ಬಾಟಲಿ ಎಲ್ಲಿ ಸಿಕ್ಕರೂ ಆಕೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಅರಕ ತುಂಬಿ ಗೂಡಿನಲ್ಲಿ ಎರಡು ಸಾಲಾಗಿ ಇಡುತ್ತಿದ್ದಳು.

ಗುರುಲಿಂಗ ರಸವನ್ನು ಅಂಥದೇ ಒಂದು ಖಾಲಿ ಬಾಟಲಿಗೆ ಸುರುವಿದ. ಅದೂ ಪುದೀನದ ವಾಸನೆಯದು. ಮನೆಯವರು ಬಳಸುವುದು ಮುಂದಿನ ಸಾಲಿನ ಬಾಟಲಿ ಎಂಬುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಆದ್ದರಿಂದ ತನ್ನದನ್ನು ಹಿಂದಿನ ಸಾಲಿನ ಮೂಲೆಯಲ್ಲಿಟ್ಟ. ತಲೆಬುರುಡೆಯ ಚಿತ್ರವಿದ್ದ ಹಳೆಯ ಬಾಟಲಿಯನ್ನು ಮೋರಿಗೆ ಎಸೆದ.

ಅವನ ಅಪ್ಪನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಮಹಾರುದ್ರಪ್ಪ ಇಪ್ಪತ್ತು ವರ್ಷಗಳಿಂದ ಪ್ರತಿ ಗಿರಾಕಿಗೂ ಒಂದೇ ಮಾತು ಹೇಳುತ್ತಿದ್ದ: "ಎಣ್ಣಿ ಅದರ ಡಬ್ಬಿ ಬಿಟ್ಟು ಬ್ಯಾರೆ ಬಾಟ್ಲಿಗೆ ಹಾಕಬ್ಯಾಡ್ರಿ." ರೈತರು ಹೊಲಕ್ಕೆ ಹೊಡೆಯುವ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ರಜೆಯಲ್ಲಿ ಗಲ್ಲಾದ ಮೇಲೆ ಕೂತಾಗ ಗುರುಲಿಂಗನೂ ಆ ಮಾತು ಹೇಳಿದ್ದ.

ಮೊದಲು ಹಿಡಿದವಳು ಅಮೃತ. ಗಚ್ಚಿಯ ಮೇಲೆ ಬಟ್ಟೆ ಒಣಹಾಕಲು ಹೋದವಳು ನೀರಿನ ಟಾಕಿಯ ಹಿಂದೆ ಅಣ್ಣನನ್ನು ಕಂಡಳು.

"ಬಾಯಿ ತಗಿ."

"ಹೋಗಲೇ."

"ತಗಿ ಅಂದ್ರ. ಪುದೀನ ಚಟ್ನಿ ತಿಂದು ಬಂದೀಯೇನು ಟಾಕಿ ಹಿಂದ?"

"ಬರೇ ಹಬೆ ಅದು. ಸಿಗರೇಟಿನಂಗ ತಂಬಾಕ ಇರಲ್ಲ."

"ತಂಬಾಕ ಇರಲ್ಲ, ನಿಕೋಟಿನ್ ಇರ್ತದ. ನನಗ ಕೆಮಿಸ್ಟ್ರಿ ಹೇಳಬ್ಯಾಡ. ಮೊದಲಿನ ಕಾಲಕ್ಕ ಅದನ್ನ ಬೆಳಿಗಿ ಹುಳ ಕೊಲ್ಲಾಕ ಹೊಡೀತಿದ್ರು. ಅಪ್ಪಗ ಹೇಳಲೇನು?"

"ಹೇಳು. ನಾಳಿಂದ ನನ್ನ ಕಾಲೇಜ್ ಬಂದ್. ನಾಡದಿಂದ ನಿನ್ನದೂ ಬಂದ್. ಅಪ್ಪ ಒಬ್ಬರನ್ನ ಮನ್ಯಾಗ ಕೂಡ್ಸಿದ್ರ ಇನ್ನೊಬ್ಬರನ್ನ ಬಿಡ್ತಾನೇನು?"

ಅಮೃತ ಒದ್ದೆ ಲಂಗವನ್ನು ಹಗ್ಗಕ್ಕೆ ಎಸೆದಳು. "ಈ ವಾರದಾಗ ಎಲ್ಲಾ ಒಗದು ಬಾ. ಇಲ್ಲಂದ್ರ ಹೇಳ್ತೀನಿ."

ಅವನು ಆಯಿತು ಎಂದ. ವಾರ ಕಳೆಯಿತು. ಅವಳು ಕೇಳಿದಾಗ "ಒಗದೀನಿ" ಎಂದ. ಅವಳು ನಂಬಿದಳು, ಅಥವಾ ಪರೀಕ್ಷೆಯ ಓದಿನ ನಡುವೆ ನಂಬುವುದೇ ಸುಲಭವಾಗಿತ್ತು.

ದುಬಲಗುಂಡಿಯಲ್ಲಿ ಈ ಮನೆತನದ ಹೊಲವಿದೆ. ಅದನ್ನು ಪಾಲಿಗೆ ಮಾಡುವವರು ದೇವಿದಾಸ ಮತ್ತು ಅವನ ಹೆಂಡತಿ ದ್ರೌಪತಿ. ಹೆಸರಿನ ರಾಶಿ ಮುಗಿದ ಮೇಲೆ ದ್ರೌಪತಿ ಒಂದು ಚೀಲ ಹೆಸರುಕಾಳು, ಮಡಿಲಲ್ಲಿ ಎಳೆ ಸೌತೆಕಾಯಿ ಹೊತ್ತು ಬಸ್ಸಿನಲ್ಲಿ ಇವರ ಮನೆಗೆ ಬಂದಳು. ಅಂದು ಗುರುಲಿಂಗ ಕಾಲೇಜಿಗೆ ಹೋಗಿದ್ದ.

"ಒಳಗ ಬಾ" ಎಂದು ಅನುರಾಧಾ ಕರೆದರೂ ದ್ರೌಪತಿ ಎಂದಿನಂತೆ ಪಡಸಾಲೆಯ ಕಂಬಕ್ಕೇ ಒರಗಿ ಕೂತಳು. ಮೀರಾಬಾಯಿ ತಾನೇ ತಾಟು ತಂದಿಟ್ಟಳು.

"ಮೊಮ್ಮಗಳು ಹ್ಯಾಂಗ ಇದ್ದಾಳ, ವಿಶಾಖಾ? ಸಾಲಿಗಿ ಹೋಗ್ತಾಳೇನು?"

"ಹೋಗ್ತಾಳ್ರಿ ಅವ್ವಾರ. ಒಂದನೇತ್ತ. ಖರೆ ಎರಡು ದಿನಾ ಹೋದ್ರ ಮೂರನೇ ದಿನಾ ಹೊಟ್ಟಿ ನೋಯ್ತದ ಅಂತ ಕೂಡ್ತಾಳ."

"ಹೊಟ್ಟಿ ನೋಯ್ತದೋ, ಸಾಲಿ ನೋಯ್ತದೋ?"

ಇಬ್ಬರೂ ನಕ್ಕರು. ಹೊರಡುವಾಗ ಮೀರಾಬಾಯಿ ಗೂಡಿಗೆ ಹೋಗಿ ಬಾಟಲಿ ತಂದು ದ್ರೌಪತಿಯ ಸೆರಗಿನ ತುದಿಗೆ ತಾನೇ ಗಂಟು ಕಟ್ಟಿದಳು. "ಸಕ್ಕರಿ ಮ್ಯಾಲ ಮೂರು ಹನಿ. ಹೆಚ್ಚಿಗಿ ಬ್ಯಾಡ."

"ಗೊತ್ತದ್ರಿ ಅವ್ವಾರ. ನಿಮ್ಮ ಅರಕ ಕುಡದೇ ನನ್ನ ಮಕ್ಕಳು ದೊಡ್ಡವಾಗ್ಯಾವ."

ಮುಂದಿನ ಸಾಲು ಮನೆಗೆ, ಹಿಂದಿನ ಸಾಲು ಕೊಡುವುದಕ್ಕೆ: ಇದು ಮೀರಾಬಾಯಿಯ ಕ್ರಮ. ತಾವು ಬಾಯಿ ತೆರೆದು ಬಳಸಿದ್ದನ್ನು ಮಂದಿಗೆ ಕೊಡಬಾರದು, ತುಂಬಿದ್ದನ್ನೇ ಕೊಡಬೇಕು. ಅನುರಾಧಾಗೆ ಇದು ಗೊತ್ತಿತ್ತು, ಅಮೃತಳಿಗೂ ಗೊತ್ತಿತ್ತು. ಆ ಗೂಡಿನಿಂದ ಯಾರಿಗೂ ಏನನ್ನೂ ತೆಗೆದುಕೊಟ್ಟಿರದ ಗುರುಲಿಂಗನಿಗೆ ಮಾತ್ರ ಗೊತ್ತಿರಲಿಲ್ಲ.

ಸಂಜೆ ಬಂದವನು ವೇಪ್ ತುಂಬಿಸಿಕೊಳ್ಳಲು ಗೂಡಿಗೆ ಕೈ ಹಾಕಿದ. ಮೂಲೆ ಖಾಲಿ ಇತ್ತು. ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಅರಕ ತೆಳು, ತಿರುಗಿಸಿದರೆ ತಟ್ಟನೆ ಹರಿಯುತ್ತದೆ. ರಸ ದಪ್ಪ, ಗಾಜಿಗೆ ಅಂಟಿ ನಿಧಾನವಾಗಿ ಇಳಿಯುತ್ತದೆ. ಎಲ್ಲವೂ ತಟ್ಟನೆ ಹರಿದವು.

"ಆಯಿ, ಹಿಂದಿನ ಬಾಟ್ಲಿ ಒಂದು ಕಮ್ಮಿ ಅದ."

"ನಿನಗ್ಯಾಕಪಾ ಲೆಕ್ಕ? ಹೊಟ್ಟಿ ನೋಯ್ತದೇನು?" ಮೀರಾಬಾಯಿ ಹೆಸರುಕಾಳು ಹಸನು ಮಾಡುತ್ತಿದ್ದಳು. "ದ್ರೌಪತಿಗಿ ಕೊಟ್ಟೀನಿ. ಕೂಸಿನ ಹೊಟ್ಟಿ ನೋಯ್ತದಂತ."

ಅವನು ಗಚ್ಚಿಗೆ ಓಡಿದ. ದೇವಿದಾಸನ ನಂಬರಿಗೆ ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ. ದುಬಲಗುಂಡಿಯಲ್ಲಿ ಅವನಿಗೆ ಗೊತ್ತಿದ್ದ ನಂಬರು ಅದೊಂದೇ. ಕೆಳಗೆ ಅಪ್ಪ ಬೈಕು ನಿಲ್ಲಿಸಿದ ಸದ್ದು ಕೇಳಿತು. ಈಗ ಇಳಿದು ಹೇಳಿದರೆ ಅಪ್ಪ ಈಗಿಂದೀಗಲೇ ದುಬಲಗುಂಡಿಗೆ ಹೊರಡುತ್ತಾನೆ. ಅದು ಅವನಿಗೆ ಗೊತ್ತಿತ್ತು. ಅಪ್ಪನ ಮುಖವನ್ನೂ, ದಾಳಿಯ ಮರುದಿನ ಪೊಲೀಸರು ಅಂಬರೀಷನನ್ನು ಜೀಪಿನಲ್ಲಿ ಕೂರಿಸಿದ್ದನ್ನೂ ನೆನೆದ. ಕೂಸಿಗೆ ಇವತ್ತೇ ಹೊಟ್ಟೆ ನೋಯುತ್ತದೆಂದೇನಿದೆ? ಬೆಳಗಿನ ಮೊದಲ ಬಸ್ಸಿಗೆ ತಾನೇ ಹೋಗಿ, ಏನೋ ಹೇಳಿ ಬಾಟಲಿ ಬದಲಿಸಿ ಬಂದರಾಯಿತು.

ಊಟಕ್ಕೆ ಕೂತಾಗ ಅವನು ತಾಟಿಗೆ ಕೈ ಹಚ್ಚಲಿಲ್ಲ. ಅನುರಾಧಾ ಹಣೆ ಮುಟ್ಟಿದಳು. "ಮೈ ತಣ್ಣಗದ. ಹೊಸಾ ಹೆಸರಿನ ಬ್ಯಾಳಿ, ಬಿಸಿ ಅದ, ಉಣ್ಣು."



ಮೊದಲ ಬಸ್ಸಿಗಿಂತ ಮುಂಚೆಯೇ ಫೋನು ಬಂತು. ಮಹಾರುದ್ರಪ್ಪ ಸ್ನಾನ ಮುಗಿಸಿ ಪೂಜೆಗೆ ಕೂರಬೇಕೆಂದಿದ್ದ. ಟಂಟಂ ಗಾಡಿಯ ಗದ್ದಲದ ನಡುವೆ ದೇವಿದಾಸನ ದನಿ ಒಡೆದು ಬರುತ್ತಿತ್ತು. ಮಹಾರುದ್ರಪ್ಪ ಸ್ಪೀಕರ್ ಹಾಕಿದ.

"ಸಾವ್ಕಾರ್ರೆ, ವಿಶಾಖಾ ವಾಂತಿ ಮಾಡ್ಕೊಳ್ಳಾಕತ್ತಾಳ್ರಿ. ಬಾಯಾಗ ಜೊಲ್ಲು ನಿಂದ್ರವಲ್ದು. ಕಾಲಾಗ ತಾಕತ್ತೇ ಇಲ್ಲ. ಹುಮನಾಬಾದ್ ದವಾಖಾನಿಗಿ ಹೊಂಟೀವಿ. ನಿನ್ನಿ ಸೋಯಾಕ್ಕ ಎಣ್ಣಿ ಹೊಡದೀನಿ, ಕೈ ತೊಳಕೊಂಡೀನಿ, ದೇವರಾಣಿ ತೊಳಕೊಂಡೀನಿ. ಸೊಸಿ ಮನೀಷಾ ನನ್ನ ಮ್ಯಾಲೇ ಚೀರಾಕತ್ತಾಳ. ಅಲ್ಲಿ ಕೇಳ್ತಾರ, ಯಾವ ಎಣ್ಣಿ ಅಂತ. ನೀವು ಕೊಟ್ಟಿದ್ದು ಯಾವುದ್ರಿ?"

ಮಹಾರುದ್ರಪ್ಪನ ಮುಖ ಬೂದಿಯಾಯಿತು. ಆ ಎಣ್ಣೆ ಅವನ ಅಂಗಡಿಯದೇ. "ತಡಿ, ತಡಿ, ಹೇಳ್ತೀನಿ" ಎಂದು ಗಲ್ಲಾದ ಚೀಲ ತಡಕಿದ. ಹೆಸರು ನೆನಪಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ.

ಗುರುಲಿಂಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ.

ಮೀರಾಬಾಯಿ ಮಗನ ಕೈಯಿಂದ ಫೋನು ತೆಗೆದುಕೊಂಡಳು. "ದೇವಿದಾಸಾ, ಅರಕ ಕೊಟ್ಟೀರೇನು?"

"ನಸುಕಿನ್ಯಾಗ ಹೊಟ್ಟಿ ನೋಯ್ತದ ಅಂದಳು, ಆಗೇ ಕೊಟ್ಟೀವ್ರಿ ಅವ್ವಾರ. ಆದ್ರೂ ವಾಂತಿ ನಿಂದ್ರವಲ್ದು. ಬಾಟ್ಲಿ ದ್ರೌಪತಿ ಕೈಯಾಗೇ ಅದ."

"ವಾಂತ್ಯಾಗ ಹೋಗಿರಬೇಕು. ಅಂಜಬ್ಯಾಡ್ರಿ. ಇನ್ನ ಮೂರು ಹನಿ ಕೊಡ್ರಿ ಈಗೇ."

"ಬ್ಯಾಡ!"

ಗುರುಲಿಂಗ ಆಯಿಯ ಕೈಯಿಂದ ಫೋನು ಕಿತ್ತುಕೊಂಡ. "ಕಾಕಾ, ಕೊಡಬ್ಯಾಡ್ರಿ! ಅದು ಅರಕ ಅಲ್ಲ, ವಿಷ! ಬಾಟ್ಲಿ ಚೆಲ್ಲಬ್ಯಾಡ್ರಿ, ಡಾಕ್ಟರಿಗಿ ತೋರಸ್ರಿ. ಕಾಕಾ? ಕೇಳ್ತದೇನ್ರಿ? ಕಾಕಾ?"

ಫೋನು ಕಡಿದಿತ್ತು. ಯಾವ ಮಾತಿಗೆ ಕಡಿಯಿತೋ ಗೊತ್ತಾಗಲಿಲ್ಲ. ಮರಳಿ ಹಚ್ಚಿದರೆ ರಿಂಗೇ ಹೋಗಲಿಲ್ಲ.

ಅಡುಗೆಮನೆಯಿಂದ ಓಡಿಬಂದ ಅಮೃತ ಅಣ್ಣನ ಮುಖ ನೋಡಿದಳು. "ಒಗದೀನಿ ಅಂದಿದ್ದಿ."

"ಏನು ವಿಷ?" ಮಹಾರುದ್ರಪ್ಪ ಕೇಳಿದ.

"ವೇಪ್ ರಸ. ಆಯಿ ಗೂಡಿನಾಗ ಇಟ್ಟಿದ್ದೆ."

ಮೀರಾಬಾಯಿ ತನ್ನ ಬಲಗೈಯನ್ನು, ಬಾಟಲಿಯ ಗಂಟು ಕಟ್ಟಿದ ಕೈಯನ್ನು, ತಿರುಗಿಸಿ ನೋಡಿಕೊಂಡಳು. "ಮೂರು ಹನಿ ಅಂತ ನಾನೇ ಹೇಳೀನಿ" ಎಂದಳು. ಆಮೇಲೆ ಗೋಡೆ ಹಿಡಿದು ನೆಲಕ್ಕೆ ಕೂತಳು.

ಅಪ್ಪ ಮಗ ಬೈಕಿನಲ್ಲಿ ಹೊರಟರು. ದಾರಿಯಲ್ಲಿ ರಾಜೇಶ್ವರ ಊರಿನ ಹತ್ತಿರ ಮಹಾರುದ್ರಪ್ಪ ಗಾಡಿ ಬದಿಗೆ ನಿಲ್ಲಿಸಿದ. ಪಕ್ಕದಲ್ಲಿ ಲಾರಿಗಳು ಒಂದರ ಹಿಂದೊಂದು ಹೋದವು.

"ನೀ ಹೊಡಿ. ನನಗ ಆಗವಲ್ದು."

ಗುರುಲಿಂಗ ಮುಂದೆ ಕೂತ. ಹಿಂದಿನಿಂದ ಅಪ್ಪನ ಮಾತು ಗಾಳಿಯಲ್ಲಿ ಬಂತು. "ಅದರ ಹೆಸರು ಹೇಳದಂಗ ಹ್ಯಾಂಗಾರ ಆಗ್ತದೇನು? ಬ್ಯಾರೆ ಏನೋ ಔಷಧ ಅಂತ..." ಸ್ವಲ್ಪ ದೂರ ಹೋದ ಮೇಲೆ ಅವನೇ ಅಂದ: "ಬ್ಯಾಡ. ಡಾಕ್ಟರ್ ಮುಂದ ಒಂದೂ ಮುಚ್ಚಿಡಬ್ಯಾಡ. ಏನಿತ್ತು ಅದ್ರಾಗ, ಎಷ್ಟಿತ್ತು, ಎಲ್ಲಾ ಹೇಳು." ಮತ್ತೆ ಸ್ವಲ್ಪ ಹೊತ್ತಿಗೆ, "ಇನ್ನ ಮೂರು ಹನಿ ಹೋಗಿದ್ರ..." ಎಂದು ಶುರುಮಾಡಿ ಮುಗಿಸಲಿಲ್ಲ.

ದವಾಖಾನೆಯ ಮಂಚದ ಮೇಲೆ ವಿಶಾಖಾ ಒಂದು ಬದಿಗೆ ಮಲಗಿದ್ದಳು. ಮುಖ ಬಿಳಿಚಿ, ಹಣೆಯ ಕೂದಲು ಬೆವರಿಗೆ ಅಂಟಿತ್ತು. ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. ತಾಯಿ ಮನೀಷಾ ಅವಳ ಬಾಯಿ ಒರೆಸುತ್ತಿದ್ದಳು. ದೇವಿದಾಸ ಮೂಲೆಯಲ್ಲಿ ತನ್ನ ಕೈಗಳನ್ನು ಅಂಗಿಯೊಳಗೆ ಮುಚ್ಚಿಕೊಂಡು ನಿಂತಿದ್ದ. ದ್ರೌಪತಿಯ ಮುಷ್ಟಿಯಲ್ಲಿ ಬಾಟಲಿ ಇತ್ತು.

"ಆಮ್ಯಾಲ ಕೊಟ್ಟೀರೇನ್ರಿ?" ಗುರುಲಿಂಗನಿಗೆ ಬೇರೆ ಮಾತು ಹೊರಡಲಿಲ್ಲ.

"ಸಕ್ಕರಿ ತಂದಿದ್ದಿಲ್ಲ" ಎಂದಳು ದ್ರೌಪತಿ. "ಬರೀ ನಾಲಿಗಿಗಿ ಹಾಕಬೇಕು ಅಂತ ಮುಚ್ಚಳ ತಗದಿದ್ದೆ. ಫೋನಿನಾಗ ಕೊಡಬ್ಯಾಡ ಅಂದದ್ದು ಅಷ್ಟೇ ಕೇಳ್ತಂತ, ಇವರು ತಡದ್ರು."

ಡಾಕ್ಟರ್ ವಹೀದಾ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇವರು ಹೊಲದ ಎಣ್ಣಿ ಅಂತಾರ. ಲಕ್ಷಣಾನೂ ಹಂಗೇ ಅವ. ಇದು ಏನು?"

"ಇ-ಸಿಗರೇಟಿನ ರಸ್ರಿ ಮೇಡಂ. ನಂದು. ನಿಕೋಟಿನ್ ಐವತ್ತು ಮಿಲಿಗ್ರಾಂ ಅಂತ ಬರದಿತ್ತು. ನಾನೇ ಬ್ಯಾರೆ ಬಾಟ್ಲಿಗೆ ಹಾಕಿದ್ದೆ."

"ಎಷ್ಟು ಹನಿ ಹೋಗ್ಯಾದ?"

"ಮೂರ್ರಿ" ಮನೀಷಾ ಹೇಳಿದಳು. "ಖಾರ ಅಂತ ಅರ್ಧ ಉಗುಳಿದ್ಲು. ನಾ ಕಪಾಳಕ್ಕ ಹೊಡದೆ. ನುಂಗು ಅಂತ ಹೊಡದೆ ಮೇಡಂ."

"ಉಗುಳಿದ್ದೇ ಛಲೋ ಆಗ್ಯಾದ." ಡಾಕ್ಟರ್ ನರ್ಸಿಗೆ ಬೇಗಬೇಗ ಏನೋ ಹೇಳಿದರು. ಒಂದು ಸಿರಿಂಜು ಬದಿಗೆ ಹೋಯಿತು, ಬೇರೊಂದು ಬಂತು. "ಈಗೇ ಏನೂ ಹೇಳಲ್ಲ. ಉಸಿರಾಟ ನೋಡ್ತಿರಬೇಕು. ಪೊಲೀಸರಿಗೂ ತಿಳಸಬೇಕಾಗ್ತದ, ಗೊತ್ತಿರಲಿ."

ಗುರುಲಿಂಗ ಹೂಂ ಎಂದ. ಮೂಲೆಯಲ್ಲಿ ದೇವಿದಾಸ ಅಂಗಿಯೊಳಗಿನಿಂದ ಕೈಗಳನ್ನು ಹೊರತೆಗೆದು ಗೋಡೆಯ ಕಡೆ ಮುಖಮಾಡಿ ಅತ್ತ.

ಇಡೀ ದಿನ ಅವರು ಆ ಮಗುವಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕಳೆದರು. ಸಂಜೆಗೆ ಬೆರಳುಗಳ ಅದುರು ನಿಂತಿತು. ಮರುದಿನ ವಿಶಾಖಾ ಬಿಸ್ಕೀಟು ಕೇಳಿದಳು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಮಾತು ಕಮ್ಮಿಯಾಯಿತು. ಗುರುಲಿಂಗ ಠಾಣೆಯಲ್ಲಿ ಹೇಳಿಕೆ ಕೊಟ್ಟ, ವೇಪನ್ನೂ ಅಲ್ಲೇ ಕೊಟ್ಟು ಬಂದ. ಅಂಬರೀಷನ ಹೆಸರು ಹೇಳಿದ್ದಕ್ಕೆ ಬಸ್ಸಿನಲ್ಲಿ ಗೆಳೆಯರು ಪಕ್ಕದ ಸೀಟಿನಿಂದ ಏಳತೊಡಗಿದರು. ವೇಪ್ ಬಿಟ್ಟ ಮೇಲೆ ರಾತ್ರಿ ನಿದ್ದೆಯಿಲ್ಲ, ಹಗಲು ಎಲ್ಲರ ಮೇಲೂ ಸಿಟ್ಟು. ಅನುರಾಧಾ ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದರೆ ತಾಟು ಸರಿಸಿ ಎದ್ದುಬಿಡುತ್ತಿದ್ದ.

"ನಿನ್ನ ಮಗನ ಕೈ ನೋಡು, ಹ್ಯಾಂಗ ಕುಣೀತದ" ಎಂದ ಮಹಾರುದ್ರಪ್ಪ ಒಂದು ದಿನ ಹೆಂಡತಿಗೆ. "ಅಂಗಡ್ಯಾಗ ಮಂದಿಗೆ ಬುದ್ಧಿ ಹೇಳೋದು ಬಂದ್ ಮಾಡೀನಿ. ಯಾವ ಬಾಯಿಲೇ ಹೇಳಲಿ?"

"ನನಗ ಗೊತ್ತಿತ್ತು ಅಪ್ಪಾ" ಎಂದಳು ಅಮೃತ. "ನಾ ಹೇಳಬೇಕಿತ್ತು."



ಮೀರಾಬಾಯಿ ಗೂಡಿನ ಬಾಟಲಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದನ್ನೇ ಮೂಸಿದಳು. "ಎಲ್ಲಾ ಒಂದೇ ವಾಸನಿ ಬರಾಕತ್ತಾವ" ಎಂದಳು. ಎಲ್ಲವನ್ನೂ ಬಚ್ಚಲಿಗೆ ಸುರುವಿ, ಬಾಟಲಿಗಳನ್ನು ಒಡೆದಳು. ಓಣಿಯವರು ಬಂದು ಕೇಳಿದರೆ "ತೀರ್ಯಾದ" ಎನ್ನುತ್ತಿದ್ದಳು. ಉದ್ದಿನ ರಾಶಿಯಾದರೂ ದ್ರೌಪತಿ ಬರಲಿಲ್ಲ. ಉದ್ದಿನಕಾಳಿನ ಚೀಲವನ್ನು ದೇವಿದಾಸ ಬಸ್ಸಿಗೆ ಹಾಕಿ ಕಳಿಸಿದ.

ಚೀಲ ಬಂದ ದಿನ ಮೀರಾಬಾಯಿ ಕರ್ಪೂರ, ಓಮದ ಹೂವು, ಪುದೀನದ ಹೂವು ತರಿಸಿದಳು. ಹೊಸ ಬಾಟಲಿ ತರಿಸಿದಳು. ಹರಳು ಕರಗುವತನಕ ಎದುರಿಗೇ ಕೂತಳು. "ನಾಳಿ ದುಬಲಗುಂಡಿಗಿ ಹೋಗೂಣು" ಎಂದಳು ಮೊಮ್ಮಗನಿಗೆ. "ನೀನೂ ಬಾ."

ದುಬಲಗುಂಡಿಯಲ್ಲಿ ದ್ರೌಪತಿ ಅಂಗಳಕ್ಕೆ ಚಾಪೆ ಹಾಸಿದಳು. ಹೊಲಕ್ಕೆ ಎಷ್ಟೋ ಸಲ ಬಂದಿದ್ದರೂ ಮೀರಾಬಾಯಿ ಈ ಅಂಗಳದಲ್ಲಿ ಎಂದೂ ಕೂತವಳಲ್ಲ, ಈ ಮನೆಯ ನೀರು ಕುಡಿದವಳಲ್ಲ. ವಿಶಾಖಾ ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದಳು. ಮೀರಾಬಾಯಿ ಸೆರಗಿನಿಂದ ಬಾಟಲಿ ತೆಗೆದದ್ದೇ ಆ ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಹೊಸಾದು, ದ್ರೌಪತಿ. ನಾನೇ ಮಾಡೀನಿ. ಸೆರಗಿನಾಗೇ ಕಟ್ಟಿಕೊಂಡು ಬಂದೀನಿ."

"ಆಗಲೂ ನೀವೇ ಕೊಟ್ಟಿದ್ರಿ ಅವ್ವಾರ." ದ್ರೌಪತಿ ಕೈ ಚಾಚಲಿಲ್ಲ. "ನಿಮ್ಮ ಮ್ಯಾಲ ಸಿಟ್ಟಿಲ್ಲ. ಖರೆ ಕೈ ಮುಂದ ಬರವಲ್ದು."

ಒಳಗಿಂದ ಮನೀಷಾ ಬಂದಳು. ಗುರುಲಿಂಗನ ಕಡೆ ಬೆರಳು ತೋರಿಸಿದಳು. "ಮೊದಲ ಇವರು ಕುಡೀಲಿ."

"ಮನೀಷಾ!" ದ್ರೌಪತಿ ಗದರಿಸಿದಳು. "ಸಾವ್ಕಾರ್ರ ಮಗಗ..."

"ಖರೆ ಅದ ಅಕಿ ಮಾತು" ಎಂದಳು ಮೀರಾಬಾಯಿ. "ಸಕ್ಕರಿ ತಾ."

ಮನೀಷಾ ಗುರುಲಿಂಗನ ಅಂಗೈಗೆ ಸಕ್ಕರೆ ಹಾಕಿದಳು. ಮೀರಾಬಾಯಿ ಅದರ ಮೇಲೆ ಹನಿ ಬಿಟ್ಟಳು. ಪುದೀನದ ವಾಸನೆ ಏರಿದ್ದೇ ಅವನಲ್ಲಿ ಹಳೆಯ ಆಸೆ ಎದ್ದಿತು. ಅದು ಬರೀ ಅರಕ ಎಂದು ಅವನಿಗೆ ಗೊತ್ತಿತ್ತು. ಹರಳು ಕರಗುವುದನ್ನು ಅವನೂ ನೋಡಿದ್ದ. ಆದರೂ ಒಮ್ಮೆ ಬಾಟಲಿಯ ಕಡೆ ನೋಡಿದ. ನೆಕ್ಕಿದ. ನುಂಗಿದ.

"ಕುಡದೀನಿ" ಎಂದ.

"ವಿಶಾಖಾಗ ಲಗೂನೇ ಏನೂ ಆಗಿದ್ದಿಲ್ಲ" ಎಂದಳು ಮನೀಷಾ. "ಜರಾ ಹೊತ್ತಾದ ಮ್ಯಾಲ ಶುರು ಆಯ್ತು."

ದ್ರೌಪತಿ ಒಳಗೆ ಹೋಗಿ ಎರಡು ತಾಟು ತಂದಳು. ಜೋಳದ ರೊಟ್ಟಿ, ಉದ್ದಿನಬೇಳೆ, ಶೇಂಗಾ ಹಿಂಡಿ. ಮೀರಾಬಾಯಿಯ ಮುಂದೆ ಒಂದು ಕ್ಷಣ ತಡೆದು ತಾಟು ಇಟ್ಟಳು. "ಊಟ ಮಾಡ್ರಿ ಅವ್ವಾರ. ಅಷ್ಟೊತ್ತಿಗಿ ಗೊತ್ತಾಗ್ತದ."

ಮೀರಾಬಾಯಿ ತಾಟನ್ನು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು. ಬಾಟಲಿ ಚಾಪೆಯ ನಡುವೆ ನಿಂತಿತ್ತು.

ವಿಶಾಖಾ ಬಾಗಿಲಿನಿಂದ ಹೊರಬಂದು ಗುರುಲಿಂಗನ ಎದುರಿಗೆ, ಸ್ವಲ್ಪ ದೂರದಲ್ಲಿ, ಕುಕ್ಕರುಗಾಲಲ್ಲಿ ಕೂತಳು. ಕೈ ಇನ್ನೂ ಬಾಯಿಯ ಮೇಲೇ ಇತ್ತು.

"ಅವ್ವಾ" ಎಂದಳು ಬೆರಳುಗಳ ಸಂದಿಯಿಂದ, "ಇವನಿಗಿ ಯಾವಾಗ ವಾಂತಿ ಆಗ್ತದ?"

ಗುರುಲಿಂಗ ಕಣ್ಣು ಮುಚ್ಚಲಿಲ್ಲ, ಬಾಯಿ ಒರೆಸಿಕೊಳ್ಳಲಿಲ್ಲ. ಹುಡುಗಿಗೆ ಕಾಣುವಂತೆ ಮುಖ ಎತ್ತಿ ಹಿಡಿದು ಕೂತ.